ರೈಲಾಟಕ್ಕೆ ಯಜಮಾನ ಯಾರು?

ಯಾರ ಕಡೆಗೂ ವಾಲದಿರುವುದು ಲೈಬ್ರರಿ ಮೇಡಂ ಅವರ ಹುಟ್ಟುಗುಣ. ಮನೆಯಲ್ಲಿ ಅತ್ತೆಗೂ ನಾದಿನಿಗೂ ಮಾತಿಗೆ ಮಾತು ಬೆಳೆದರೆ ಇಬ್ಬರಿಗೂ "ನೀವು ಹೇಳೋದೂ ಸರಿನೇ" ಎಂದು, ಇಬ್ಬರಿಂದಲೂ ಬೈಸಿಕೊಂಡು, ಗಡದ್ದಾಗಿ ನಿದ್ದೆ ಹೊಡೆಯುವ ಜೀವ.

ಲೈಬ್ರರಿಯ ಹಿಂದಿನ ಕೋಣೆ ಮಾತ್ರ ಅವರ ಹೊಟ್ಟೆಯಲ್ಲಿ ಹುಟ್ಟದ ಮಗು. ಕಂಡಕಂಡ ಆಫೀಸಿನವರ ಕೈಕಾಲು ಹಿಡಿದು ಹಳೇ ಕಂಪ್ಯೂಟರ್ ತಂದು ಜೋಡಿಸಿದ್ದರು. ಅವುಗಳಲ್ಲಿದ್ದದ್ದು ಯಾವ ಕಂಪನಿಗೂ ಸೇರದ, ಯಾರು ಬೇಕಾದರೂ ಒಳಗಿನ ಕೋಡ್ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಆಟಗಳು. ಶಾಲೆ ಬಿಟ್ಟ ಮಕ್ಕಳು ರೈಲಾಟದಲ್ಲಿ ಹಳಿ ಹಾಕುತ್ತ ಊಟ ಮರೆಯುತ್ತಿದ್ದರು.

ಅಷ್ಟರಲ್ಲಿ ಮಕ್ಕಳ ರಕ್ಷಣೆಗೆಂದು ಹೊಸ ಕಾನೂನು ಬಂತು. ಪ್ರತಿ ಆಟದ ಮೇಲೂ ಎಷ್ಟು ವಯಸ್ಸಿನವರಿಗೆಂದು ಚೀಟಿ ಇರಬೇಕು. ಆ ಚೀಟಿಗೆ ಒಬ್ಬರು ಜವಾಬ್ದಾರರಾಗಬೇಕು.

"ಒಂದು ಚರ್ಚೆ ಇಟ್ಕೊಳ್ಳಿ. ಎರಡೂ ಕಡೆಯವರಿರಲಿ, ನಡುವೆ ನೀವು ಕೂತ್ಕೊಳ್ಳಿ," ಎಂದರು ಲೈಬ್ರರಿ ಸಮಿತಿಯ ಅಧ್ಯಕ್ಷರು. ಅವರು ನಿವೃತ್ತ ಹಲ್ಲಿನ ಡಾಕ್ಟರು. ಏನು ಹೇಳಿದರೂ ಕೀಳುವ ಧಾಟಿಯೇ. "ಜವಾಬ್ದಾರರು ಸಿಗದಿದ್ರೆ ಆ ಕೋಣೆ ಮುಚ್ಚಿಬಿಡೋಣ."

ಮೇಡಂ ತಯಾರಿಗೆ ಇಳಿದರು. ಕುರ್ಚಿಗಳ ಎತ್ತರ ಒಂದೇ ಇದೆಯೇ ಎಂದು ದಾರ ಹಿಡಿದು ಅಳೆದರು. ಕಾನೂನಿನ ಪರ ವಕೀಲೆ, ಆಟದ ಪರ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಟೆಕ್ನಿಷಿಯನ್. ಮೊದಲು ಟೆಕ್ನಿಷಿಯನ್ನನ್ನೇ ಹಿಡಿದರು.

"ಈ ರೈಲಾಟದ ಯಜಮಾನ ಯಾರಪ್ಪ?"

"ಯಾರೂ ಇಲ್ಲ ಮೇಡಂ. ಇಲ್ಲಾ ಎಲ್ಲರೂ ಅನ್ನಿ."

"ಎಲ್ಲರನ್ನೂ ಕರೆದ್ರೆ ಕೂರಿಸೋದು ಎಲ್ಲಿ, ನಿನ್ನ ತಲೆ ಮೇಲಾ?"

ವಕೀಲೆಯ ಕಚೇರಿಯಲ್ಲಿ ಇನ್ನೊಂದು ಮಾತು ಕಾದಿತ್ತು. "ರೈಲಿನ ಬಗ್ಗೆ ನನ್ನ ತಕರಾರಿಲ್ಲ ಕಣ್ರೀ. ಅದರ ಮೂಲೇಲಿ ಬೇರೆ ಊರಿನವರ ಜೊತೆ ಚಾಟ್ ಮಾಡೋ ಕಿಟಕಿ ಇದೆಯಲ್ಲ, ಅದರಲ್ಲಿ ಯಾರೋ ನನ್ನ ತಂಗಿ ಮಗಳಿಗೆ 'ನಾನೂ ನಾಲ್ಕನೇ ಕ್ಲಾಸು' ಅಂದ. ಮಾರನೇ ದಿನ ಮನೆ ಅಡ್ರೆಸ್ ಕೇಳಿದ."

ಎಂದಿನಂತೆ ಇಬ್ಬರದೂ ಸರಿಯೇ. ಆದರೆ ಈ ಸಲ ಮೇಡಂಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆಯೇ ಟೆಕ್ನಿಷಿಯನ್ ಮುಂದೆ ಹಾಜರಾದರು.

"ಆ ಕಿಟಕಿ ಮುಚ್ಚೋಕಾಗುತ್ತಾ?"

"ಕೋಡ್ ಕಣ್ಣೆದುರಿಗೇ ಇದೆ. ನೀವೇ ಮುಚ್ಚಿ."

"ನನಗೆ ಮನೆ ಕಿಟಕಿಯ ಚಿಲಕಾನೇ ಸರಿಯಾಗಿ ಹಾಕೋಕೆ ಬರಲ್ಲ ಮಾರಾಯ!"

ಅವನು ತೋರಿಸಿದ, ಇವರು ಒಂದೇ ಬೆರಳಲ್ಲಿ ಕುಟ್ಟಿದರು. ಮೊದಲ ಸಲ ಕಿಟಕಿ ಉಳಿದು ರೈಲೇ ಮಾಯವಾಯಿತು. ಮತ್ತೆ ಕುಟ್ಟಿದಾಗ ರೈಲು ಬಂತು, ಕಿಟಕಿ ಹೋಯಿತು. ಮೇಡಂ ಹಿಗ್ಗಿ ಹೀರೇಕಾಯಿಯಾಗಿ ಅದನ್ನೇ ಎಲ್ಲ ಕಂಪ್ಯೂಟರಿಗೂ ಹಾಕಿಸಿ, ವಕೀಲೆಯನ್ನು ಕರೆದು ತೋರಿಸಿದರು.

"ಭೇಷ್! ಈಗ ಇದಕ್ಕೆ ಯಜಮಾನರು ಯಾರು?"

"ಎಲ್ಲರೂ ಅಂತೆ..."

"ಅದು ಮೊದಲಿನ ಆಟಕ್ಕೆ. ಇದನ್ನ ತಿದ್ದಿದ್ದು ಯಾರು? ಮಕ್ಕಳ ಕೈಗೆ ಕೊಟ್ಟಿದ್ದು ಯಾರು?"

ಮೇಡಂ ತಮ್ಮ ಬೆರಳನ್ನೇ ನೋಡಿಕೊಂಡರು. ಒಪ್ಪಿದರೆ ನಾಳೆ ಯಾವ ಮಗುವಿಗೆ ಏನೇ ಆದರೂ, ಕಾನೂನು ಬಂದು ಹಿಡಿಯುವುದು ಇವರ ಜುಟ್ಟನ್ನೇ. ಒಪ್ಪದಿದ್ದರೆ ಕೋಣೆ ಇಲ್ಲ. "ನೀವು ಹೇಳೋದೂ ಸರಿನೇ" ಎನ್ನಲು ಎದುರಿಗೆ ಇನ್ನೊಂದು ಕಡೆಯೇ ಉಳಿದಿರಲಿಲ್ಲ.

ಸಂಜೆ ಅಧ್ಯಕ್ಷರು ಬಂದಾಗ ಮೇಡಂ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿಗೆ ಮೂಗು ತಾಗಿಸಿ ಕೂತಿದ್ದರು.

"ಏನ್ರೀ, ಜವಾಬ್ದಾರರು ಸಿಕ್ಕಿದ್ರಾ?"

"ಸಿಕ್ಕಿದಾರೆ ಸಾರ್. ನಾನೇ. ಅದಕ್ಕೇ ಚರ್ಚೆ ನೀವೇ ನಡೆಸಿ, ನಾನು ನಡುವೆ ಕೂರೋ ಹಾಗಿಲ್ಲ."

ಅಧ್ಯಕ್ಷರು ಬಾಯಿ ತೆರೆದರು. ಕೀಳಲು ಏನೂ ಸಿಗಲಿಲ್ಲ. "ಸರಿ, ಕೋಣೆ ಇರಲಿ ಬಿಡಿ. ಚೀಟಿ ಮೇಲೆ ಎಷ್ಟು ವಯಸ್ಸು ಅಂತ ಬರೀತೀರಿ?"

"ಆಡದೇ ಹೇಗೆ ಹೇಳ್ಲಿ ಸಾರ್? ಇಷ್ಟು ವರ್ಷ ಬರೀ ದೂರದಿಂದ ನೋಡಿದ್ದು," ಎಂದರು ಮೇಡಂ, ಪರದೆಯಿಂದ ಕಣ್ಣು ಕೀಳದೆ. "ಸ್ವಲ್ಪ ಆ ಕಡೆ ಸರೀರಿ, ನೆರಳು ಬೀಳ್ತಿದೆ. ಎದುರಿಂದ ಗೂಡ್ಸ್ ಬರ್ತಾ ಇದೆ."