ಸಿಳ್ಳಮ್ಮನ ಹಲ್ಲಿನ ಸಂದಿ

ಹಗೆ ಸಾಧಿಸಲು ಕತ್ತಿ ಕಠಾರಿ ಬೇಕಿಲ್ಲ; ನಡುಮನೆಯಲ್ಲಿ ಒಂದು ಬೆತ್ತದ ಕುರ್ಚಿ, ಅದರಲ್ಲಿ ಕೂರಲು ಕೆಲಸವಿಲ್ಲದವರೊಬ್ಬರು ಇದ್ದರೆ ಸಾಕು. ಸಿಳ್ಳಮ್ಮನ ಮನೆಯಲ್ಲಿ ಆ ಕುರ್ಚಿ ಹಿಡಿದವರು ಅಕ್ಕಯ್ಯ, ಅಂದರೆ ಅವಳ ಗಂಡನ ಒಡಹುಟ್ಟಿದ ಅಕ್ಕ. ಲೈಬ್ರರಿಯಲ್ಲಿ ಕೆಲಸಕ್ಕಿದ್ದು, ಪುಸ್ತಕಕ್ಕಿಂತ ಹೆಚ್ಚಾಗಿ ಜನರ ಉಸಿರು ಕಾಯ್ದು, ತುಟಿಗೆ ಬೆರಳಿಟ್ಟು ‘ಶ್’ ಎನ್ನುತ್ತಲೇ ತಲೆ ನರೆಸಿಕೊಂಡವರು. ನಿವೃತ್ತಿಯಾದಾಗ ಲೈಬ್ರರಿಯ ಬೀಗದ ಕೈಯನ್ನು ಒಪ್ಪಿಸಿದರು, ಆ ಬೆರಳನ್ನೂ ‘ಶ್’ ಅನ್ನೂ ಮಾತ್ರ ಪೆಟ್ಟಿಗೆಯಲ್ಲಿ ತುಂಬಿಕೊಂಡು ತಮ್ಮನ ಮನೆಗೆ ಬಂದರು. “ಹದಿನೈದು ದಿನ ಇದ್ದು ಹೋಗ್ತೀನಿ” ಅಂದಿದ್ದರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ, ವರ್ಷ ನಾಲ್ಕಾಯಿತು.

ಸಿಳ್ಳಮ್ಮ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಅವಳ ಮೇಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಕಾಳು ನಿಲ್ಲಿಸುವಷ್ಟು ಸಂದಿ. ಶಾಲೆಯಲ್ಲಿ ಹುಡುಗಿಯರು ‘ಕಿಟಕಿ, ಕಿಟಕಿ’ ಎಂದು ಕರೆದು ಅಳಿಸುತ್ತಿದ್ದರು. ಅತ್ತು ಅತ್ತು ಮೂಗು ಕಟ್ಟಿದ ಒಂದು ದಿನ ಬಾಯಲ್ಲಿ ಉಸಿರು ಬಿಟ್ಟಾಗ ಆ ಸಂದಿಯಿಂದ ಸಿಳ್ಳೆಯೊಂದು ಹೊರಟಿತು, ಸೂಜಿಯ ಕಣ್ಣಿನಿಂದ ರೇಷ್ಮೆ ದಾರ ಎಳೆದಂತೆ. ಅಂದಿನಿಂದ ಅದೇ ಅವಳ ಹುಚ್ಚು. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಬಾಗಿಲ ಸಂದಿಯ ಧೂಳು ತೆಗೆಯುವಾಗ ಬಾಯಲ್ಲಿ ಸಿಳ್ಳೆ. ಕಟ್ಟಡದ ಕಾವಲುಗಾರನ ಸೀಟಿಯನ್ನು ಅವನಿಗಿಂತ ಚೆನ್ನಾಗಿ ಊದುತ್ತಿದ್ದಳು. ಐಸ್‌ಕ್ರೀಮ್ ಗಾಡಿಯವನ ರಾಗ ಹಿಡಿದರೆ ಕೆಳಮನೆಯ ಮಕ್ಕಳು ಲೋಟ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಆದರೆ ನಗುವಾಗ ಮಾತ್ರ ಅಂಗೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ‘ಕಿಟಕಿ’ಯ ಗಾಯ ಮಾಗಿರಲಿಲ್ಲ. ಯಾವ ಫೋಟೋದಲ್ಲಿಯೂ ಅವಳ ಹಲ್ಲು ಕಂಡವರಿಲ್ಲ.

ಗಂಡ ಡ್ರೈವಿಂಗ್ ಮೇಷ್ಟ್ರು. ಕಲಿಯುವವರು ಗಾಡಿ ಓಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ತನ್ನ ಕಾಲಡಿಯ ಬ್ರೇಕ್ ಒತ್ತುವುದೇ ಅವನ ಕಸುಬು. ಮನೆಯಲ್ಲಿಯೂ ಅಷ್ಟೇ. ಹೆಂಡತಿ ಒಂದು ಮಾತು ಎತ್ತಿದರೆ ಸಾಕು, ಮೇಜಿನ ಕೆಳಗೆ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಕ್ಕನ ಮಾತಿಗೆ ಮಾತ್ರ ಆ ಕಾಲು ಎಂದೂ ಒತ್ತಿದ್ದಿಲ್ಲ.

ಅಕ್ಕಯ್ಯ ಬಂದವರೇ ಮನೆಯನ್ನು ಒಂದೇ ಏಟಿಗೆ ಗೆಲ್ಲಲಿಲ್ಲ. ಗೆದ್ದಲು ಬಾಗಿಲನ್ನು ತಿನ್ನುವಂತೆ ಒಳಗಿಂದೊಳಗೆ ಬಂದರು. ಬೆಳಿಗ್ಗೆ ಎದ್ದು ಕ್ಯಾಲೆಂಡರಿನ ನಿನ್ನೆಯ ಹಾಳೆ ಹರಿಯುವುದು ಸಿಳ್ಳಮ್ಮನಿಗೊಂದು ಸಣ್ಣ ಸುಖ. ಅಕ್ಕಯ್ಯ ಅವಳಿಗಿಂತ ಮೊದಲೇ ಎದ್ದು ಹರಿಯತೊಡಗಿದರು. ಕಿತ್ತಳೆ ಸಿಪ್ಪೆಯನ್ನು ತುಂಡಾಗದಂತೆ ಒಂದೇ ಸುರುಳಿಯಾಗಿ ಸುಲಿಯುವುದು ಅವಳಿಗೆ ಆಟ. “ಮಗು ಥರ ಆಡ್ತಾಳೆ” ಎಂದು ಅಕ್ಕಯ್ಯ ಚಾಕುವಿನಿಂದ ನಾಲ್ಕು ಹೋಳು ಮಾಡಿ ತಟ್ಟೆಗೆ ಹಾಕಿದರು. ಹಳೆಯ ಅಂಗಿಗಳಿಂದ ಬಿಚ್ಚಿ ಕೂಡಿಟ್ಟ ಗುಂಡಿಗಳ ಡಬ್ಬ ಒಂದಿತ್ತು. ಮಧ್ಯಾಹ್ನ ಅದನ್ನು ಹಾಸಿಗೆಯ ಮೇಲೆ ಸುರಿದು ಬಣ್ಣ ಬಣ್ಣ ಬೇರೆ ಮಾಡಿ, ಮತ್ತೆ ಕಲಸಿಡುವುದರಲ್ಲಿ ಅವಳಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಡಬ್ಬವೇ ಇಲ್ಲ. “ಮೂಲೆ ಅಂಗಡಿ ಟೈಲರ್‌ಗೆ ಕೊಟ್ಟೆ. ಪಾಪ, ಅವನಿಗಾದ್ರೂ ಉಪಯೋಗಕ್ಕೆ ಬರುತ್ತೆ” ಅಂದರು. ಕೊನೆಗೆ ಸಂಜೆ ಬಾಲ್ಕನಿಯಲ್ಲಿ ಒಬ್ಬಳೇ ನಿಂತು ಕುಡಿಯುವ ಟೀ ಉಳಿದಿತ್ತು. ಅಕ್ಕಯ್ಯ ಬಾಲ್ಕನಿಗೆ ತಮ್ಮ ಬಟ್ಟೆ ಒಣಗಿಸುವ ಸ್ಟ್ಯಾಂಡ್ ತಂದಿಟ್ಟರು. ನಿಲ್ಲಲು ಜಾಗವೇ ಇಲ್ಲದಾಯಿತು.

ಉಳಿದದ್ದು ಸಿಳ್ಳೆಯೊಂದೇ. ಅದು ಡಬ್ಬದಲ್ಲಿರಲಿಲ್ಲ, ಎತ್ತಿ ಕೊಡುವಂತಿರಲಿಲ್ಲ. ‘ಶ್’ ಎಂದರೆ ಗಳಿಗೆ ನಿಲ್ಲುತ್ತಿತ್ತು, ಅತ್ತ ತಿರುಗಿದರೆ ಮತ್ತೆ ಶುರು.

ಅಡುಗೆಮನೆಗೆ ಅಕ್ಕಯ್ಯ ಕಾಲಿಡುತ್ತಿರಲಿಲ್ಲ, ಆಳ್ವಿಕೆಯೆಲ್ಲ ಕುರ್ಚಿಯಿಂದಲೇ. ಕುಕ್ಕರ್ ಕೂಗುವುದನ್ನು ಅಲ್ಲಿಂದಲೇ ಎಣಿಸಿ “ಮೂರಾಯ್ತು, ಆರಿಸು!” ಎಂದು ಅಪ್ಪಣೆ ಕೊಡುವುದು ಅವರ ಹೆಮ್ಮೆ. ಒಮ್ಮೆ ಸಿಳ್ಳಮ್ಮ ಬೇಸತ್ತು, ಒಲೆಯನ್ನೇ ಇನ್ನೂ ಹಚ್ಚದಿರುವಾಗ ಮೂರು ಕೂಗು ತಾನೇ ಕೂಗಿಬಿಟ್ಟಳು.

“ಆರಿಸು!”

“ಒಲೆ ಹಚ್ಚೇ ಇಲ್ವಲ್ಲ ಅಕ್ಕಯ್ಯ!” ಎಂದು ನಕ್ಕಳು, ಅಂಗೈ ಬಾಯಿಗಿಟ್ಟು.

ಅಕ್ಕಯ್ಯ ನಗಲಿಲ್ಲ. “ಅಳೋ ಗಂಡಸನ್ನ ನಂಬಬಾರದು, ನಗೋ ಹೆಂಗಸನ್ನ ನಂಬಬಾರದು. ಸುಮ್ಮನೆ ಅಂದಿಲ್ಲ ಹಿರಿಯರು” ಎಂದು ಮುಖ ತಿರುಗಿಸಿದರು. ಅಂದಿನಿಂದ ಆ ಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ನಡುಮನೆಯಿಂದ ಒಂದು ಪ್ರಶ್ನೆ ಬರುತ್ತಿತ್ತು: “ಅದು ಕುಕ್ಕರೋ, ನೀನೋ?” ನಂಬಿಕೆ ಹೋದ ಕಿವಿಯಿಟ್ಟುಕೊಂಡು ಆಳುವುದು ಕಷ್ಟ. ಆ ಉರಿ ಅಕ್ಕಯ್ಯನ ಹೊಟ್ಟೆಯಲ್ಲಿ ಬೂದಿ ಮುಚ್ಚಿದ ಕೆಂಡವಾಗಿ ಕೂತಿತು.

ಹೀಗಿರುವಾಗ ಅಕ್ಕಯ್ಯನ ಲೈಬ್ರರಿಯ ಹಳೆಯ ಗೆಳತಿಯರೆಲ್ಲ ಊಟಕ್ಕೆ ಸೇರುವ ಸರದಿ ಈ ಮನೆಗೆ ಬಂತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಕ್ಕಯ್ಯ ಬೆಣ್ಣೆಯಂಥ ದನಿ ತೆಗೆದರು.

“ನೋಡು, ನಿನಗೊಂದು ಉಡುಗೊರೆ ಕೊಡೋಣ ಅಂತಿದೀನಿ. ಪಕ್ಕದ ಬೀದಿಲಿ ಹಲ್ಲಿನ ಡಾಕ್ಟರಮ್ಮ ಇದಾಳಲ್ಲ, ಚಿಕ್ಕವಳಿದ್ದಾಗ ನಮ್ಮ ಲೈಬ್ರರೀಲೇ ಓದಿ ಬೆಳೆದವಳು. ಅವಳ ಹತ್ರ ಮಾತಾಡಿದೀನಿ. ಒಂದೇ ಸಲ ಕೂತರೆ ಆ ಸಂದಿ ಮುಚ್ಚಿಬಿಡ್ತಾಳೆ. ಖರ್ಚು ನಂದು.”

“ನನಗ್ಯಾಕೆ ಅಕ್ಕಯ್ಯ ಅದೆಲ್ಲ?”

“ಎಲ್ಲರೂ ಬರ್ತಾರೆ, ಫೋಟೋ ತೆಗೀತಾರೆ. ಎಷ್ಟು ದಿನ ಅಂತ ಕೈ ಅಡ್ಡ ಇಟ್ಕೊಂಡು ಓಡಾಡ್ತೀಯ? ನನಗೇ ನೋಡೋಕಾಗಲ್ಲ.”

ಸಿಳ್ಳಮ್ಮ ಗಂಡನ ಕಡೆ ನೋಡಿದಳು. ಮೇಜಿನ ಕೆಳಗೆ ಬಲಗಾಲು ಒತ್ತಿತು. “ಅಕ್ಕ ಪ್ರೀತಿಯಿಂದ ಹೇಳ್ತಿದಾಳೆ. ಮಾಡಿಸ್ಕೋ ಹೋಗು” ಅಂದ.

ಜೇನು ಸವರಿದ ಚೂರಿ ಅದು ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಸಂದಿ ಹೋದರೆ ಸಿಳ್ಳೆ ಹೋಯಿತು. ಆದರೆ ಜೇನೂ ಸುಳ್ಳಲ್ಲವಲ್ಲ! ರಾತ್ರಿ ಬಚ್ಚಲ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಂಡಳು. ಎಷ್ಟು ಮದುವೆಗಳಲ್ಲಿ, ಎಷ್ಟು ಗುಂಪುಗಳಲ್ಲಿ ತಾನೊಬ್ಬಳೇ ತುಟಿ ಹೊಲಿದುಕೊಂಡು ನಿಂತಿದ್ದಳು! ಒಮ್ಮೆಯಾದರೂ ಕೈ ಅಡ್ಡವಿಲ್ಲದೆ ನಕ್ಕು ಸಾಯಬೇಕೆಂಬ ಆಸೆ ಅವಳೊಳಗೂ ಇತ್ತು. ಹಗೆಯವರು ನಮ್ಮ ಆಸೆಯನ್ನೇ ಗಾಳಕ್ಕೆ ಸಿಕ್ಕಿಸಿದರೆ ಮೀನಿಗೆ ದಾರಿಯಿಲ್ಲ. ಅವಳು ಒಪ್ಪಿಕೊಂಡಳು.

ಊಟಕ್ಕೆ ಎರಡು ದಿನ ಮುಂಚೆ ಗಂಡ ಅವಳನ್ನು ಕಲಿಕೆಯ ಗಾಡಿಯಲ್ಲಿ ಕ್ಲಿನಿಕ್ಕಿನ ಬಾಗಿಲಿಗೆ ಇಳಿಸಿ, ಪಾಠಕ್ಕೆ ಹೊತ್ತಾಯಿತೆಂದು ಹೋದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತುಗಾತಿ. ಎತ್ತರದ ಕುರ್ಚಿಯಲ್ಲಿ ಅವಳನ್ನು ಒರಗಿಸಿ, ಬೆಳಕು ಬಿಟ್ಟು, “ಮೊದಲು ಅಂಟು ಹಾಕದೆ ಸುಮ್ಮನೆ ಮೆತ್ತಿ ತೋರಿಸ್ತೀನಿ ಅಮ್ಮ. ಇಷ್ಟವಾದ್ರೆ ಖಾಯಂ ಮಾಡೋಣ” ಎಂದಳು. ಹಲ್ಲಿನ ಬಣ್ಣದ್ದೇ ಮೇಣದಂಥ ಪದಾರ್ಥ ಮೆತ್ತಿ, ತೀಡಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿ, ಕೈಗನ್ನಡಿ ಕೊಟ್ಟಳು.

ಸಿಳ್ಳಮ್ಮ ನೋಡಿದಳು. ಯಾರೋ ಬೇರೆ ಹೆಂಗಸು. ಸಾಲಾಗಿ ಜೋಡಿಸಿದ ಹಲ್ಲು, ಅಂಗಡಿಯ ಕಿಟಕಿಯಲ್ಲಿಟ್ಟ ಪಿಂಗಾಣಿಯ ಹಾಗೆ. ನಕ್ಕಳು. ಕೈ ಬಾಯಿಗೆ ಹೋಗಲಿಲ್ಲ. ಕಣ್ಣಲ್ಲಿ ನೀರೇ ಬಂತು.

“ಚೆನ್ನಾಗಿದೆ ಅಲ್ವಾ?” ಅಂದಳು ಡಾಕ್ಟರಮ್ಮ.

ಆ ಖುಷಿಗೆ ಅಭ್ಯಾಸಬಲದಿಂದ ನಾಲಿಗೆ ಹಲ್ಲಿನ ಹಿಂದಕ್ಕೆ ಹೋಯಿತು, ಉಸಿರು ಮುಂದಕ್ಕೆ ಬಂತು. ಸಿಳ್ಳೆ ಬರಲಿಲ್ಲ. ಬಂದದ್ದು “ಶ್ಶ್ಶ್.”

ಸಿಳ್ಳಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ಇನ್ನೊಮ್ಮೆ ಊದಿದಳು. “ಶ್ಶ್ಶ್.” ಅದೇ ದನಿ, ಅದೇ ಎಳೆತ. ಅಕ್ಕಯ್ಯ ತನ್ನ ಬಾಯೊಳಗೇ ಬೆತ್ತದ ಕುರ್ಚಿ ಹಾಕಿಕೊಂಡು ಕೂತಂತಾಯಿತು. ಗುಂಡಿ ಡಬ್ಬ ಹೋದಾಗ, ಬಾಲ್ಕನಿ ಹೋದಾಗ ಬಾರದ ಸಿಟ್ಟು ಈಗ ಅಂಗಾಲಿನಿಂದ ನೆತ್ತಿಗೇರಿತು.

“ತೆಗೀರಿ ಇದನ್ನ.”

“ಯಾಕಮ್ಮ, ಇಷ್ಟು ಚೆನ್ನಾಗಿ...”

“ತೆಗೀರಿ ಅಂದ್ನಲ್ಲ! ಇಲ್ಲಾಂದ್ರೆ ಉಗುರಲ್ಲೇ ಕಿತ್ಕೋತೀನಿ.”

ಡಾಕ್ಟರಮ್ಮ ಚಿಕ್ಕ ಕೊಕ್ಕೆಯಿಂದ ಅದನ್ನು ಟಕ್ಕೆಂದು ಎಬ್ಬಿಸಿದಳು. ಸಿಳ್ಳಮ್ಮ ಬಾಯಿ ಮುಕ್ಕಳಿಸಿ ಉಗುಳಿ ಒಂದು ಸಿಳ್ಳೆ ಹಾಕಿದಳು. ಹೊರಗೆ ಕಾಯುತ್ತಿದ್ದ ರೋಗಿಗಳೆಲ್ಲ ಬಾಗಿಲ ಕಡೆ ನೋಡಿದರು. ಡಾಕ್ಟರಮ್ಮ ಮೊದಲು ಬೆಚ್ಚಿ, ಆಮೇಲೆ ಬಿದ್ದು ಬಿದ್ದು ನಕ್ಕಳು.

“ಇದು ಯಾರ ಆಸೆ ಅಂತ ಗೊತ್ತಾಯ್ತು ಬಿಡಿ! ಆ ಅಮ್ಮ ನನ್ನನ್ನ ಪೆನ್ಸಿಲ್ ಬಿದ್ದ ಶಬ್ದಕ್ಕೆ ಲೈಬ್ರರಿಯಿಂದ ಆಚೆ ಹಾಕಿದ್ರು. ನಾನು ಅವರ ಮುಂದೆ ಇವತ್ತಿಗೂ ಜೋರಾಗಿ ಸೀನಲ್ಲ.”

“ಹಾಗಾದ್ರೆ ಸಂದಿ ಮುಚ್ಚಿಲ್ಲ ಅಂತ ಅವರಿಗೆ ಹೇಳ್ಬೇಡಿ. ನಾನೇ ಹೇಳ್ತೀನಿ, ನನ್ನ ರೀತೀಲಿ.”

“ನಾಡಿದ್ದು ಊಟಕ್ಕೆ ನನ್ನನ್ನೂ ಕರೆದಿದಾರೆ” ಎಂದು ಡಾಕ್ಟರಮ್ಮ ಕಣ್ಣು ಮಿಟುಕಿಸಿದಳು.

ಮನೆಗೆ ಬಂದಾಗ ಅಕ್ಕಯ್ಯ ಕುರ್ಚಿಯ ಅಂಚಿಗೆ ಸರಿದು ಕಾಯುತ್ತಿದ್ದರು. “ಎಲ್ಲಿ, ಬಾಯಿ ತೆಗಿ ನೋಡೋಣ.”

ಸಿಳ್ಳಮ್ಮ ಕರವಸ್ತ್ರ ಒತ್ತಿಕೊಂಡು, “ಎರಡು ದಿನ ಗಾಳಿ ತಾಗಬಾರದಂತೆ” ಎಂದು ಗೊಣಗಿದಳು. ಬಾಯಿ ಮುಚ್ಚಿಕೊಂಡಿರುವುದರಲ್ಲಿ ಅವಳಿಗೆ ಜನ್ಮವಿಡೀ ತಾಲೀಮು ಆಗಿತ್ತಲ್ಲ.

“ಒಂದು ಸಲ ಊದು ನೋಡೋಣ, ಹೇಗೆ ಬರುತ್ತೆ?”

ಕರವಸ್ತ್ರದ ಹಿಂದೆ ಸಿಳ್ಳಮ್ಮ ಊದಿದಳು. “ಶ್ಶ್ಶ್.”

ಅಕ್ಕಯ್ಯನ ಮುಖ ಅರಳಿದ್ದನ್ನು ನೋಡಬೇಕಿತ್ತು. ಆ ದಿನ ರಾತ್ರಿ ಅವರು ಒಂದು ತುತ್ತು ಹೆಚ್ಚಿಗೆ ಉಂಡರು. ಮರುದಿನ ಕುಕ್ಕರ್ ಕೂಗಿದಾಗ ‘ಅದು ಕುಕ್ಕರೋ ನೀನೋ’ ಎಂದು ಕೇಳಲಿಲ್ಲ. ಗೆದ್ದವರು ಕಾವಲು ತೆಗೆಯುವುದು ಅಲ್ಲಿಯೇ.

ಊಟದ ದಿನ ಗೆಳತಿಯರು ಬಂದರು, ಎಲ್ಲರೂ ಮೆತ್ತಗೆ ಮಾತಾಡುವವರು, ಕುರ್ಚಿಯನ್ನೂ ಸದ್ದಾಗದಂತೆ ಎಳೆಯುವವರು. ಡಾಕ್ಟರಮ್ಮ ಒಂದು ಮೂಲೆ ಹಿಡಿದಳು. ಅಕ್ಕಯ್ಯ ಸಭೆಯ ನಡುವೆ ಕೂತು, “ಅಡುಗೆಮನೆಗೆ ನಾನು ಹೋಗೋದೇ ಇಲ್ಲ. ಇಲ್ಲಿಂದಲೇ ಎಲ್ಲ ನಡೆಸ್ತೀನಿ. ಕಾಳಿಗೆ ಆರು ಕೂಗು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನೋಡ್ತಿರಿ!” ಎಂದರು.

ಒಳಗೆ ಕುಕ್ಕರ್ ಎರಡು ಕೂಗು ಕೂಗಿತು. ಸಿಳ್ಳಮ್ಮ ಉರಿ ತಗ್ಗಿಸಿ, ಮೂರನೆಯದರಿಂದ ಮುಂದೆ ತಾನೇ ವಹಿಸಿಕೊಂಡಳು. ಗಡಿಬಿಡಿ ಮಾಡಲಿಲ್ಲ. ಮೊದಲು ಸಣ್ಣಗೆ ಉಬ್ಬಸ, ಆಮೇಲೆ ನಡುಗುವ ದನಿ, ಆಮೇಲೆ ಉದ್ದದ ಕೂಗು, ಕೊನೆಗೆ ಉಗಿ ಇಳಿಯುವ ನಿಟ್ಟುಸಿರು, ಎಲ್ಲವನ್ನೂ ಕುಕ್ಕರಿಗೂ ನಾಚಿಕೆಯಾಗುವಂತೆ ಕೂಗಿದಳು. ಪ್ರತಿ ಕೂಗಿಗೂ ನಡುಮನೆಯಲ್ಲಿ ಅಕ್ಕಯ್ಯ ಒಂದೊಂದು ಬೆರಳು ಮಡಿಸಿದರು.

“ಆರಾಯ್ತು. ಆರಿಸು!”

“ಆರಿಸಿದೆ ಅಕ್ಕಯ್ಯ” ಎಂದು ಹೇಳಿದ ಮಾತು ತಪ್ಪದೆ ಆರಿಸಿದಳು.

ತಟ್ಟೆಗಳು ಬಂದವು. ಅನ್ನ ಹದವಾಗಿತ್ತು, ತರಕಾರಿ ರುಚಿಯಾಗಿತ್ತು. ಕಾಳು ಬಾಯಿಗೆ ಹೋದದ್ದೇ ತಡ, ಸದ್ದೇ ಮಾಡದೆ ಬದುಕಿದ ಆ ಹೆಂಗಸರ ಬಾಯಿಂದೆಲ್ಲ ಕಟುಂ ಕುಟುಂ ಸದ್ದು ಎದ್ದಿತು. ಒಬ್ಬರು ಕೆನ್ನೆ ಹಿಡಿದುಕೊಂಡರು. ಒಬ್ಬರು ಕಾಳನ್ನು ಬಾಯೊಳಗೆ ಆ ಕಡೆಯಿಂದ ಈ ಕಡೆಗೆ ಉರುಳಿಸುತ್ತ ದಿಕ್ಕು ತೋಚದೆ ಕೂತರು.

ಡಾಕ್ಟರಮ್ಮ ಕಾಳೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅಮ್ಮ, ನಾಳೆಯಿಂದ ನನಗೆ ಗಿರಾಕಿಗಳಿಗೇನೂ ಬರ ಇಲ್ಲ” ಎಂದಳು.

“ಸಾಧ್ಯವೇ ಇಲ್ಲ!” ಅಕ್ಕಯ್ಯ ಆರು ಬೆರಳು ಎತ್ತಿ ತೋರಿಸಿದರು. “ಆರು ಕೂಗು! ನಿಮ್ಮೆಲ್ಲರ ಮುಂದೇನೇ ಎಣಿಸಿದೀನಿ!”

ಆಗ ತಣ್ಣಗಾದ ಒಲೆಯ ಕಡೆಯಿಂದ ಏಳನೆಯ ಕೂಗು ಬಂತು.

ಎಲ್ಲರೂ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ಸಿಳ್ಳಮ್ಮ ನಿಂತಿದ್ದಳು, ಎರಡೂ ಕೈ ಸೊಂಟದ ಮೇಲೆ. ಬಾಯಿ ತುಂಬ ನಗುತ್ತಿದ್ದಳು. ನಡುವೆ ಆ ಕಿಟಕಿ, ಅಗುಳಿಯಿಲ್ಲದೆ ತೆರೆದದ್ದು. ಗೆಳತಿಯರಲ್ಲಿ ಒಬ್ಬರು ಫೋಟೋಗೆಂದು ಎತ್ತಿ ಹಿಡಿದಿದ್ದ ಮೊಬೈಲನ್ನು ಅದೇ ಗಳಿಗೆಗೆ ಒತ್ತಿದರು. ಅಕ್ಕಯ್ಯ ಪರೀಕ್ಷಿಸಲೆಂದು ಆಗಷ್ಟೇ ಹಾಕಿಕೊಂಡ ಕಾಳನ್ನು ಬಾಯಲ್ಲಿಟ್ಟುಕೊಂಡೇ ಬೆರಳನ್ನು ತುಟಿಗೆ ತಂದರು. ‘ಶ್’ ಹೊರಡಲು ಜಾಗವಿರಲಿಲ್ಲ.

“ಏನೋ ಇದು? ನಿನ್ನ ಹೆಂಡತಿಗೆ ಏನೂ ಹೇಳಲ್ವೇನೋ?” ಎಂದರು ಕಾಳು ನುಂಗಿದ ಮೇಲೆ, ಮೇಜಿನ ತುದಿಯಲ್ಲಿ ಕೂತಿದ್ದ ತಮ್ಮನಿಗೆ. ಅವನ ಬಲಗಾಲು ಒಮ್ಮೆ ಮೇಲೆದ್ದಿತು. ಯಾವ ಬ್ರೇಕ್ ಒತ್ತಬೇಕೆಂದು ತಿಳಿಯದೆ ಹಾಗೆಯೇ ಗಾಳಿಯಲ್ಲಿ ನಿಂತಿತು.

ಮರುದಿನ ಅಕ್ಕಯ್ಯ ಸಿಳ್ಳಮ್ಮನೊಂದಿಗೆ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆತ್ತದ ಕುರ್ಚಿಯನ್ನು ಎಳೆದು ಅಡುಗೆಮನೆಯಲ್ಲಿ ಒಲೆಯ ಎದುರಿಗೆ ಹಾಕಿಕೊಂಡು ಕೂತರು. “ಇನ್ಮೇಲೆ ಕಣ್ಣಾರೆ ನೋಡ್ತೀನಿ” ಎಂದು ಗೋಡೆಗೆ ಹೇಳಿದರು.

“ನೋಡ್ಕೊಳ್ಳಿ, ಬೇಡ ಅಂದೋರ್ಯಾರು?” ಸಿಳ್ಳಮ್ಮ ಸೌಟನ್ನು ಅವರ ಮಡಿಲಿಗಿಟ್ಟು, ಟೀ ಲೋಟ ಎತ್ತಿಕೊಂಡು ಬಾಲ್ಕನಿಗೆ ನಡೆದಳು. ಬಟ್ಟೆ ಸ್ಟ್ಯಾಂಡನ್ನು ಮಡಿಚಿ ಗೋಡೆಗೆ ಒರಗಿಸಿದಳು. ನಿಲ್ಲಲು ಜಾಗವಾಯಿತು.

ಕುಕ್ಕರ್ ಕೂಗಿತು. ಅಕ್ಕಯ್ಯ ಒಂದು ಬೆರಳು ಮಡಿಸಿದರು. ಬಾಲ್ಕನಿಯಿಂದ ಇನ್ನೊಂದು ಕೂಗು ಬಂತು. ಅವರ ಎರಡನೆಯ ಬೆರಳು ಅರ್ಧ ಮಡಿಚಿ ಅಲ್ಲೇ ನಿಂತಿತು. ಕುಕ್ಕರಿನ ನೆತ್ತಿಯನ್ನು ದುರುಗುಟ್ಟಿ ನೋಡುತ್ತ, ಒಲೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು, ಆರಿಸಬೇಕೋ ಬಿಡಬೇಕೋ ತಿಳಿಯದೆ ಅಕ್ಕಯ್ಯ ಬೆವರತೊಡಗಿದರು.