ಮೊದಲ ಕೂಗಿಗೇ ಓಗೊಟ್ಟ ಪೆಟ್ಟಿಗೆ

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ದೆವ್ವದ ಸುದ್ದಿ ಹೇಳುವವರನ್ನು ಮೊನ್ನೆ ಮೊನ್ನೆಯವರೆಗೂ ಆಡಿಕೊಳ್ಳುತ್ತಿದ್ದವಳು ನಾನೇ. ಆದರೆ ಡಾಬಕಾ ಹಳ್ಳಿಯ ಆ ಮನೆಯಲ್ಲಿ ನಾನಿದ್ದೆ, ಎಚ್ಚರವಾಗಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ನನ್ನ ಕೆಲಸವೇ ಸ್ವಲ್ಪ ವಿಚಿತ್ರ. ಕೈಯಿಂದ ಮುಟ್ಟದೆ ಬರೀ ಸನ್ನೆ, ದನಿ, ನೋಟಗಳಿಂದ ನಡೆಯುವ ಸಾಧನಗಳನ್ನು ರೂಪಿಸುತ್ತೇನೆ. ಬೀದರಿನ ಚಿದ್ರಿಯಲ್ಲಿ ಮನೆ, ಮುಂದಿನ ಕೋಣೆಯೇ ಕಾರ್ಖಾನೆ. "ಕಣ್ಣೀಲೆ ಮಾತಾಡಸ್ತಾಳಂತ ನೋಡ್ರಿ ಈಕಿ" ಎಂದು ಓಣಿಯವರು ತಮಾಷೆ ಮಾಡುತ್ತಾರೆ. ಮಾಡಲಿ.

ಡಾಬಕಾದ ಮಾರುತಿ ಕುರಿ ಕಾಯುವವನು. ಮರಿಗಳಿಗೆ ಸೊಪ್ಪು ಕಡಿಯಲು ಬೇವಿನ ಮರ ಹತ್ತಿ ಬಿದ್ದ. ಕುತ್ತಿಗೆಯಿಂದ ಕೆಳಗೆ ಮೈ ಸ್ವಾಧೀನ ತಪ್ಪಿತು, ಗಂಟಲಿಗೆ ಕೊಳವೆ ಹಾಕಿದ ಮೇಲೆ ದನಿಯೂ ಹೋಯಿತು. ಉಳಿದದ್ದು ಕಣ್ಣು. ಅವನ ಮಂಚದ ಮುಂದೆ ನಾನೊಂದು ಪರದೆ ನಿಲ್ಲಿಸಿದೆ. ಅದರ ಮೇಲಿನ ಅಕ್ಷರವನ್ನೋ ಚಿತ್ರವನ್ನೋ ಅವನು ನೆಟ್ಟು ನೋಡಿದರೆ ಪಕ್ಕದ ಪೆಟ್ಟಿಗೆ ಅದನ್ನು ಮಾತಾಡಿ ತೋರಿಸುತ್ತದೆ. ಅದೂ ಅವನದೇ ದನಿಯಲ್ಲಿ! ಹಳೆಯ ವಾಟ್ಸಾಪ್ ಆಡಿಯೊಗಳಿಂದ ಹೆಕ್ಕಿ ಕಟ್ಟಿದ ದನಿ.

ಇನ್ನೂ ಒಂದು ಅನುಕೂಲ ಸೇರಿಸಿದ್ದೆ. ಯಾರಾದರೂ ಅವನ ಹೆಸರು ಕರೆದರೆ ಪೆಟ್ಟಿಗೆ ತಾನಾಗಿ "ಓ" ಎನ್ನುತ್ತದೆ, ಪರದೆ ಬೆಳಗುತ್ತದೆ. ಅವನ ತಾಯಿ ಗಂಗವ್ವ ಅಂಗಳದಿಂದ "ಮಾರುತೀ" ಎಂದು ಕೂಗಿದಳು. "ಓ..." ಎಂದಿತು ಪೆಟ್ಟಿಗೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರುಕ್ಮಿಣಿ ಹಿಟ್ಟಿನ ಕೈಯಲ್ಲೇ ಓಡಿಬಂದು, ಬಾಗಿಲಲ್ಲಿ ನಿಂತು ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಗಂಗವ್ವನ ಮುಖ ಮಾತ್ರ ಅರಳಲಿಲ್ಲ.

"ಹಗಲಿ ಬರೋಬ್ಬರಿ ಅದರಿ ಅಕ್ಕಾರ. ರಾತ್ರಿ ಇದರ ಬಾಯಿ ಮುಚ್ರಿ. ರಾತ್ರಿ ಒಂದೇ ಕೂಗಿಗಿ ಓ ಅನಬಾರ್ದು. ಮನಷ್ಯಾರಾದ್ರ ಮತ್ತ ಮತ್ತ ಕರೀತಾರ. ಅದು ಒಮ್ಮಿ ಕರೀತದ... ಓ ಅಂದವರ ಜೀವಾ ಒಯ್ತದ."

"ಆಯಿ, ಇದು ಮಿಷಿನ್ ಅದ. ಇದಕ್ಕೆಲ್ಲೀ ಜೀವಾ?" ಎಂದೆ.

"ದನಿ ನನ್ನ ಮಗಂದು ಅದಲ್ಲ?"

ರುಕ್ಮಿಣಿ ನಡುವೆ ಬಾಯಿ ಹಾಕಿದಳು. "ಅತ್ತಿ, ರಾತ್ರಿ ಕಫ ಕಟ್ಟಿ ಉಸುರು ಸಿಕ್ಕೊಂಡ್ರ ಅವರು ನಮ್ಮನ್ನ ಹ್ಯಾಂಗ ಎಬ್ಬಸಬೇಕು? ಚಾಲೂ ಇರ್ಲಿ ಅಕ್ಕಾರ." ಅವಳ ಮಾತೂ ಸುಳ್ಳಲ್ಲ. ಪೆಟ್ಟಿಗೆ ಚಾಲೂ ಉಳಿಯಿತು. ಆ "ಓ" ಒಂದನ್ನೇ ತೆಗೆಯಬಹುದಿತ್ತು, ಮೂಢನಂಬಿಕೆಗೇಕೆ ಮಣಿಯಲಿ ಎಂದು ಬಿಟ್ಟೆ.

ಔರಾದಿಗೆ ಹೋಗುವ ಕೊನೆಯ ಬಸ್ಸು ತಪ್ಪಿತ್ತು, ಅಲ್ಲೇ ಉಳಿದೆ. ಉಂಡು ಮಲಗಿದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ನಡೆಯುವ ಪರದೆಯ ಮಬ್ಬು ಬೆಳಕೊಂದೇ ಬೆಳಕು. ಮಾರುತಿಯ ಕೊಳವೆಯಲ್ಲಿ ಉಸಿರು ಗೊರ್... ಗೊರ್... ಎನ್ನುತ್ತಿತ್ತು. ಹೊರಗೆ ದೊಡ್ಡಿಯಲ್ಲಿ ಕುರಿಗಳ ಮಿಸುಕಾಟ.

ಇದ್ದಕ್ಕಿದ್ದಂತೆ ಕುರಿಗಳೆಲ್ಲ ಸುಮ್ಮನಾದವು.

ಆಗಷ್ಟೇ ಕಡಿದ ಬೇವಿನ ಸೊಪ್ಪಿನ ವಾಸನೆ ಬಂತು. ಕಹಿ, ಹಸಿ ವಾಸನೆ... ಮೂಗಿನಿಂದಿಳಿದು ನಾಲಿಗೆಗೂ ತಾಗಿತು. ಎದ್ದು ಕುಳಿತೆ. ಗಂಗವ್ವ ಆಗಲೇ ಎದ್ದಿದ್ದಳು. ಕತ್ತಲಲ್ಲೇ ನನ್ನ ಕೈ ಹುಡುಕಿ ಹಿಡಿದು ಪಿಸುಗುಟ್ಟಿದಳು. "ಮಾತಾಡಬ್ಯಾಡ್ರಿ..."

"ಮಾರುತೀ..."

ಹೊಲದಾಚೆಯಿಂದ ಕರೆದಂತಿತ್ತು. ಗಂಡಸೋ ಹೆಂಗಸೋ ತಿಳಿಯಲಿಲ್ಲ. ಒಂದೇ ಒಂದು ಸಲ.

ಪರದೆ ಬೆಳಗಿತು.

"ಓ..." ಎಂದಿತು ಪೆಟ್ಟಿಗೆ.

ಅಯ್ಯೋ ದೇವರೇ! ನಾನು ಎದ್ದು ಹೋಗಿ ಗುಂಡಿ ಒತ್ತಿ ಆರಿಸಿದೆ. ಕೋಣೆ ಕಪ್ಪಾಯಿತು. ಆದರೆ ಗೊರ್ ಗೊರ್ ಸದ್ದೂ ನಿಂತಿತ್ತು. ಮೊಬೈಲಿನ ಬೆಳಕು ಹಾಯಿಸಿ ನೋಡಿದರೆ ಮಾರುತಿಯ ತುಟಿ ನೀಲಿ, ಕಣ್ಣು ಅಗಲ. ಕೊಳವೆಯಲ್ಲಿ ಕಫವಿರಲಿಲ್ಲ. ಉಸಿರೇ ಬರುತ್ತಿರಲಿಲ್ಲ. ಗಂಗವ್ವ ಮಗನ ಎದೆ ತಿಕ್ಕುತ್ತ "ಒಯ್ಲಿಕತ್ತದ, ಒಯ್ಲಿಕತ್ತದ" ಎಂದು ಗೋಳಿಟ್ಟಳು.

ರುಕ್ಮಿಣಿ ಗಂಡನ ಮುಖವನ್ನೊಮ್ಮೆ ನೋಡಿದಳು. ಹೋಗಿ ಬಾಗಿಲ ಅಗಳಿ ಸರಿಸಿದಳು. ನಾನು ಸೆರಗು ಹಿಡಿದೆಳೆದರೂ ನಿಲ್ಲಲಿಲ್ಲ. ಹೊಸ್ತಿಲ ಮೇಲೆ ನಿಂತು ಕತ್ತಲಿಗೆ ಮುಖ ಮಾಡಿ ಕಿರುಚಿದಳು.

"ಓ! ಓ ಅಂದಾಕಿ ನಾನ! ಅವರಲ್ಲ, ನಾನ!"

ವಾಸನೆ ಒಮ್ಮೆಲೇ ಮಾಯವಾಯಿತು. ನನ್ನ ಹಿಂದೆ ಗೊರ್... ಎಂದು ಉಸಿರು ಮರಳಿತು. ಗಂಗವ್ವ "ಬದುಕಿದಾ..." ಎಂದು ಕುಸಿದಳು. ರುಕ್ಮಿಣಿ ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ತುಟಿ ಆಡಿತು, ದನಿ ಹೊರಡಲಿಲ್ಲ.

ಇಂದಿಗೂ ಹೊರಟಿಲ್ಲ. ಭಾಲ್ಕಿಯ ಡಾಕ್ಟರಿಗೆ ತೋರಿಸಿದೆವು, ಬೀದರಿನಲ್ಲೂ ತೋರಿಸಿದೆವು. ಗಂಟಲು ನೆಟ್ಟಗಿದೆ, ಹೆದರಿದ್ದಾಳೆ, ಬರುತ್ತದೆ ಎಂದರು. ನಾನು ಬೆಳಗಾಗುವುದನ್ನೇ ಕಾದು, ಆ "ಓ"ವನ್ನು ಪೆಟ್ಟಿಗೆಯಿಂದ ಅಳಿಸಿ ಬಂದಿದ್ದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಹೋದ ವಾರ ಗಂಗವ್ವನ ಫೋನು ಬಂತು. "ಅಕ್ಕಾರ... ಅದು ಮತ್ತ ಬರ್ಲಿಕತ್ತದ. ದಿನಾ ರಾತ್ರಿ ಒಮ್ಮಿ ಕರೀತದ. ಈಗ ನನ್ನ ಸೊಸಿ ದನೀಲೆ ಕರೀತದರಿ. ಈಕಿ ನನ್ನ ಬಾಜೂಕ ಮೂಕಾಗಿ ಕುಂತಿರ್ತಾಳ, ಹೊರಗ ಈಕಿ ದನಿ ಮಾರುತೀ ಅಂತದ. ಲಗ್ನ ಆದಾಗಿಂದ ಗಂಡನ ಹೆಸರು ಬಾಯಾಗ ತಂದಾಕಿ ಅಲ್ರಿ ನನ್ನ ಸೊಸಿ."

ಮರುದಿನವೇ ಹೋದೆ. ಮಾರುತಿ ನನ್ನನ್ನು ಕಂಡದ್ದೇ ಪರದೆಯ ಕಡೆ ಕಣ್ಣು ಹೊರಳಿಸಿದ. ಒಂದೊಂದೇ ಅಕ್ಷರ ಹುಡುಕಿ ನೋಡಿದ. ಬೆವರುತ್ತಿದ್ದ. ಕಡೆಗೆ ಪೆಟ್ಟಿಗೆ ಅವನ ದನಿಯಲ್ಲಿ ಹೇಳಿತು.

"ಓ... ವಾಪಸ್... ಹಾಕ್ರಿ. ನಾ ಹೋದ್ರ... ಆಕಿ ದನಿ... ಬರ್ತದ."

ರುಕ್ಮಿಣಿ ಎದ್ದು ಬಂದು ಎರಡೂ ಅಂಗೈಗಳಿಂದ ಪರದೆ ಮುಚ್ಚಿದಳು. ರಾತ್ರಿಯೂ ಬಟ್ಟೆ ಹೊದಿಸಿ ಮುಚ್ಚಿಡುತ್ತಾಳಂತೆ, ಅವನು ತಾನಾಗಿ ಆ ಅಕ್ಷರ ನೋಡಿ ಓಗೊಡದಂತೆ. ನನ್ನ ಕಡೆ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದಳು. ಬಾಯಿ ಅಗಲಿಸಿ ಅಳುತ್ತಿದ್ದಳು, ಒಂದಿಷ್ಟೂ ಸದ್ದಿಲ್ಲ. ಮಾರುತಿಯ ಕಣ್ಣು ಮಾತ್ರ ಅವಳ ಕೈಗಳನ್ನು ದಾಟಿ ನನ್ನ ಮೇಲೆ ನೆಟ್ಟಿತ್ತು.

ನೋಡೋಣ ಎಂದಷ್ಟೇ ಹೇಳಿ ಎದ್ದು ಬಂದೆ. ಹಾಕುವುದು ಅರೆಕ್ಷಣದ ಕೆಲಸ. ಯಾರ ಮಾತು ಕೇಳಲಿ, ನೀವೇ ಹೇಳಿ. ಕತ್ತಲಾದರೆ ಸಾಕು, ಈಗ ಡಾಬಕಾದಲ್ಲಿ ಅವಳ ದನಿ ಅವನನ್ನು ಕರೆಯುತ್ತಿರಬಹುದು, ಅವನು ಮಲಗಿದಲ್ಲೇ ಕೇಳಿಸಿಕೊಳ್ಳುತ್ತಿರಬಹುದು ಅನ್ನಿಸುತ್ತದೆ. ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.