ಭಾವಚಿತ್ರದಲ್ಲಿಲ್ಲದ ತಾಯಿ

ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ದಪ್ಪ ಚೌಕಟ್ಟಿನ ಭಾವಚಿತ್ರವೊಂದು ಬಹುಕಾಲ ತೂಗುತ್ತಿತ್ತು. ಬಿಳಿಯ ಅಧಿಕಾರಿಯೊಬ್ಬ ತಲೆಬಾಗಿ, ಜರಿ ಸೀರೆಯುಟ್ಟ ಹೆಂಗಸಿನ ಕೈಗೆ ಪುಟ್ಟ ಪೆಟ್ಟಿಗೆಯೊಂದನ್ನು ಕೊಡುತ್ತಿದ್ದಾನೆ. ಕೆಳಗೆ ‘ವೀರ ಸಿಪಾಯಿಯ ಮಾತೆ ಪದಕ ಸ್ವೀಕರಿಸುತ್ತಿರುವುದು’ ಎಂದು ಬರೆದಿತ್ತು. ಆ ಹೆಂಗಸು ಆ ಸಿಪಾಯಿಯ ತಾಯಿಯಲ್ಲ. ಆಕೆ ಅವನನ್ನು ಒಮ್ಮೆಯಾದರೂ ಮಾತನಾಡಿಸಿದ್ದಳೆಂಬುದೇ ನನಗೆ ಅನುಮಾನ. ಚಿತ್ರದ ಎಡ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋದ ಕರಿಕೋಟಿನ ತೋಳೊಂದು ಕಾಣುತ್ತಿತ್ತು. ಅದು ನನ್ನದು. ಆ ದಿನ ದುಭಾಷಿಯಾಗಿ ನಿಂತವನು ನಾನು. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆದಿಡುವ ಹೊಣೆಯೂ ನನ್ನದೇ.

ಆ ಸಿಪಾಯಿಯೂ ನಾನೂ ಬೋರ್ಡ್ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಳಿತವರು. ಅಂಬಿಗರ ಮನೆಯ ಹುಡುಗ. ಈ ದಡದ ನಮ್ಮ ಕಂಪ್ಲಿಗೂ ಆ ದಡದ ನಿಜಾಮರ ಸೀಮೆಗೂ ನಡುವೆ ಅವರ ಮನೆಯ ಹರಿಗೋಲು ಓಡಾಡುತ್ತಿತ್ತು. ತಂದೆ ತೀರಿಕೊಂಡ ವರ್ಷ ಅವನು ಶಾಲೆ ಬಿಟ್ಟು ಹರಿಗೋಲಿನ ಹುಟ್ಟು ಹಿಡಿದ. ನಾನು ಹೊಸಪೇಟೆಯಲ್ಲಿ ಓದು ಮುಗಿಸಿ ಅದೇ ಶಾಲೆಗೆ ಮಾಸ್ತರನಾಗಿ ಬಂದೆ. ನನಗೆ ನೀರೆಂದರೆ ಭಯ. ಹೊಳೆ ದಾಟುವಾಗ ಹರಿಗೋಲಿನ ಅಂಚನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿಯುತ್ತಿದ್ದೆ. ಅವನು ಬೇಕೆಂದೇ ನಡುಹೊಳೆಯಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿ, “ಅಂಚು ಬಿಡಲೇ ಮಾಸ್ತರಾ, ಅದು ನಿನ್ನ ಹಿಡಕಂಡಿಲ್ಲ” ಎನ್ನುತ್ತಿದ್ದ. ಇಡೀ ಹರಿಗೋಲು ನಗುತ್ತಿತ್ತು. ಆಗ ಕೋಪ ಬರುತ್ತಿತ್ತು. ನನ್ನ ಮೇಲಿನ ನಗೆಗಳಲ್ಲಿ ನಾನು ಕ್ಷಮಿಸಿರುವುದು ಅದೊಂದನ್ನೇ.

ಯುದ್ಧ ಶುರುವಾದ ಮರುವರ್ಷ ಅವನು ಸೈನ್ಯ ಸೇರಿದ. ಅವನ ಕಾಗದಗಳನ್ನು ತಾಯಿಗೆ ಓದಿ ಹೇಳುತ್ತಿದ್ದವನು ನಾನೇ. ಕೊನೆಗೆ ಬಂದ ತಂತಿಯನ್ನೂ ನಾನೇ ಓದಿದೆ. ಕೆಲವು ತಿಂಗಳ ನಂತರ, ಅವನಿಗೆ ಶೌರ್ಯಪದಕ ದೊರೆತಿದೆ ಎಂಬ ಕಾಗದ ಬಂತು. ಬರ್ಮಾದ ಯಾವುದೋ ಹೊಳೆ ತುಂಬಿ ಹರಿಯುತ್ತಿದ್ದಾಗ ದೋಣಿಗಳೆಲ್ಲ ಕೊಚ್ಚಿಹೋಗಿದ್ದವಂತೆ. ಅವನು ಬಿದಿರು ಸೀಳಿ ಹೆಣೆದು, ಲಾರಿಯ ಟಾರ್ಪಾಲು ಬಿಗಿದು, ನಮ್ಮೂರಿನ ಹರಿಗೋಲನ್ನೇ ಅಲ್ಲಿ ಕಟ್ಟಿದ. ಗುಂಡುಗಳು ಹಾರುತ್ತಿರುವಾಗಲೇ ಗಾಯಾಳುಗಳನ್ನು ದಾಟಿಸಿದ. ಕೊನೆಯವನನ್ನು ಇಳಿಸಿ ದಡ ಹತ್ತುವಾಗ ಗುಂಡು ತಗುಲಿತು. ಕಾಗದದಲ್ಲಿ ಇದ್ದುದು ಇಷ್ಟೇ.

ತಾಯಿ ಎರಡು ಬಾರಿ ಓದಿಸಿ ಕೇಳಿದಳು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಅವನ ಹುಟ್ಟನ್ನು ನೋಡುತ್ತ ಕೇಳಿದಳು, “ಅವನ್ನ ಸುಟ್ರೋ, ಮಣ್ಣು ಮಾಡಿದ್ರೋ, ಅದ್ರಾಗ ಬರದಾರೇನಪ್ಪ?”

ಬರೆದಿರಲಿಲ್ಲ.

ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಹರಿಗೋಲು ನಡೆಸಿದವನು ಸತ್ತರೆ ಅವನ ಹುಟ್ಟು ಅವನ ದಾರಿಯನ್ನೇ ಹಿಡಿಯಬೇಕು: ಸುಟ್ಟರೆ ಬೆಂಕಿಗೆ, ಹೂಳಿದರೆ ಮಣ್ಣಿಗೆ. ತಪ್ಪಿ ಬೇರೆ ದಾರಿಗೆ ಹಾಕಿದರೆ ಸತ್ತವನು ನಡುಹೊಳೆಯಲ್ಲೇ ತಿರುಗುತ್ತಿರುತ್ತಾನೆಂದು ಅವರ ನಂಬಿಕೆ. ಪದಕ ಕೊಡಲು ಸೈನ್ಯದ ಸಾಹೇಬನೇ ಬರುತ್ತಾನೆಂದು ತಿಳಿದಾಗ ಅವಳು ಪದಕದ ಮಾತೆತ್ತಲಿಲ್ಲ. “ಸಾಹೇಬಗ ಅದೊಂದು ಕೇಳಿ ಹೇಳಪ್ಪ” ಎಂದಳು. ನಾನು ಮಾತು ಕೊಟ್ಟೆ.

ಸಮಾರಂಭ ನಡೆದದ್ದು ನಮ್ಮ ಶಾಲೆಯ ಅಂಗಳದಲ್ಲಿ. ಬಾಳೆಕಂಬ, ಮಾವಿನ ತೋರಣ, ಓಲಗ, ಎಲ್ಲವೂ ಇದ್ದವು. ಸ್ವಾಗತ ಸಮಿತಿಗೆ ಅಧ್ಯಕ್ಷರು ಗಿರಣಿಯ ಧಣಿಗಳು. ತಾಯಿ ಒಗೆದ ಬಿಳಿ ಸೀರೆಯುಟ್ಟು ಮುಂಚೆಯೇ ಬಂದು ಮುಂದಿನ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಧಣಿಗಳು ನನ್ನನ್ನು ಪಕ್ಕಕ್ಕೆ ಕರೆದರು.

“ಏನ್ರೀ ಮಾಸ್ತರ, ಮಂಗಳಕಾರ್ಯದಾಗ ಮುಂಡೇರ ಮಾರಿ ಮುಂದ ಇಡ್ತಾರೇನ್ರಿ? ಅಕಿನ್ನ ಹಿಂದ ಕುಂದ್ರಸ್ರಿ. ಪದಕ ಏನು ಓಡಿ ಹೋಗ್ತೈತಾ?”

ಅವಳ ಮಗನ ಸಾವಿನಿಂದ ಒದಗಿದ ಕಾರ್ಯ ಅದು. ಅದನ್ನು ಮಂಗಳಕಾರ್ಯವೆಂದವರು ಅವರು. ನಾನು ಎದುರಾಡಲಿಲ್ಲ. ಶಾಲೆಯ ಸಮಿತಿಯಲ್ಲಿಯೂ ಅವರದೇ ಮಾತು ನಡೆಯುತ್ತಿತ್ತು. ಅವಳ ಬಳಿ ಹೋಗಿ ಬಿಸಿಲಿನ ನೆಪ ಹೇಳಿ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಕೂರಿಸಿದೆ. ಅವಳಿಗೆ ಎಲ್ಲವೂ ತಿಳಿಯಿತೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. “ಕೇಳಾದು ಮರೀಬ್ಯಾಡ” ಎಂದಳು, ಅಷ್ಟೇ.

ಹೊಸಪೇಟೆಯ ಕಡೆಯಿಂದ ಮೋಟಾರು ಬಂತು. ಧಣಿಗಳ ಹೆಂಡತಿ ಮುತ್ತೈದೆಯಾಗಿ ಮುಂದೆ ನಿಂತು ಆರತಿ ಎತ್ತಿದಳು. ಸಾಹೇಬನಿಗೆ ನಮ್ಮ ಪದ್ಧತಿ ಏನು ಗೊತ್ತು? ಎಲ್ಲರಿಗಿಂತ ಮುಂದೆ ನಿಂತು, ಕಣ್ಣಿಗೆ ಹೊಗೆ ತಾಗಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸೇ ತಾಯಿಯೆಂದು ಭಾವಿಸಿದ. ಟೋಪಿ ತೆಗೆದ. ಪೆಟ್ಟಿಗೆಯನ್ನು ಆಕೆಯ ಕೈಯಲ್ಲಿಟ್ಟ. ಫೋಟೋ ತೆಗೆಯುವವನು ಚಿತ್ರ ತೆಗೆದ. ಧಣಿಗಳ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣ ಅವರು ನನ್ನತ್ತ ನೋಡಿ ಕಣ್ಣಲ್ಲೇ ಸುಮ್ಮನಿರುವಂತೆ ಹೇಳಿದರು.

ಸಾಹೇಬ ನನ್ನ ಕಡೆ ತಿರುಗಿ, ಈ ತಾಯಿಗೆ ತನ್ನಿಂದ ತಿಳಿಯಬೇಕಾದದ್ದು ಏನಾದರೂ ಇದೆಯೇ, ಕೇಳು ಎಂದ. ಒರಟು ಮನುಷ್ಯನಲ್ಲ ಅವನು. ಉತ್ತರಕ್ಕಾಗಿ ಕಾದು ನಿಂತ. ನಾನು ಧಣಿಗಳ ಹೆಂಡತಿಗೆ ಕನ್ನಡದಲ್ಲಿ ಕೇಳಿದೆ.

“ಏನಿಲ್ಲಂತ ಹೇಳ್ರಿ” ಎಂದಳು ಆಕೆ.

ನಾನು ಏನೂ ಇಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿದೆ. ಬೇವಿನ ಮರ ಅಲ್ಲಿಂದ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.

ಮೋಟಾರು ಹೋದ ಮೇಲೆ ಅವಳ ಬಳಿಗೆ ಹೋದೆ. ಸಾಹೇಬನಿಗೆ ಗೊತ್ತಿಲ್ಲವಂತೆ ಎಂದು ಸುಳ್ಳು ಹೇಳುವ ಯೋಚನೆಯಿತ್ತು, ಅವಳೆದುರು ನಿಂತಾಗ ಅದನ್ನು ಬಿಟ್ಟೆ. ಅವಳು ಎದ್ದು ಸೀರೆಗಂಟಿದ ಬೇವಿನೆಲೆ ಕೊಡವಿಕೊಂಡಳು.

“ನೀ ಇನ್ನೂ ಅಂಚು ಹಿಡಕಂಡ ಕುಂತಿಯಪ್ಪ” ಎಂದಳು.

ಮಗನ ಮಾತು ಅವಳಿಗೂ ಗೊತ್ತಿತ್ತು.

ಪದಕ ಧಣಿಗಳ ದೇವರ ಮನೆಯಲ್ಲಿ ಪೂಜೆ ಪಡೆದು ಮೂರನೆಯ ದಿನ ಗಿರಣಿಯ ಆಳೊಬ್ಬನ ಕೈಯಲ್ಲಿ ಬಂತು. ಅದಕ್ಕೆ ಕುಂಕುಮ ಮೆತ್ತಿತ್ತು. ಅವಳು ಸೆರಗಿನಿಂದ ಒರೆಸಿ, ಅಂಚಿನಲ್ಲಿ ಮಗನ ಹೆಸರು ಕೆತ್ತಿದ್ದ ಜಾಗವನ್ನು ನನ್ನಿಂದ ತೋರಿಸಿಕೊಂಡು, ಗೋಡೆಯ ಗೂಡಿನಲ್ಲಿಟ್ಟಳು.

ನಾನು ಸೈನ್ಯದ ಕಚೇರಿಗೆ ಬರೆದೆ. ಸಮಾರಂಭದ ಸುದ್ದಿಯೆತ್ತದೆ, ಅಂತ್ಯಕ್ರಿಯೆ ಹೇಗಾಯಿತೆಂದು ಮಾತ್ರ ಕೇಳಿದೆ. ಉತ್ತರ ಬಂತು: ಪದಕ ಕೊಡುವಾಗ ಸಿಪಾಯಿಯ ತಾಯಿಯನ್ನು ಖುದ್ದಾಗಿ ವಿಚಾರಿಸಲಾಗಿದೆ, ತನಗೆ ಕೇಳುವುದೇನೂ ಇಲ್ಲವೆಂದು ಆಕೆ ತಿಳಿಸಿರುತ್ತಾಳೆ. ನಾನೇ ಹೇಳಿದ ಮಾತು ಠಸ್ಸೆ ಒತ್ತಿಸಿಕೊಂಡು ನನ್ನ ಕೈಗೇ ಮರಳಿತ್ತು. ಆಮೇಲೆ ನಿಜವನ್ನೆಲ್ಲ ಬರೆದೆ. ಅಷ್ಟರಲ್ಲಿ ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದರು, ಉತ್ತರ ಬರಲಿಲ್ಲ.

ಅವಳು ಬದುಕಿರುವ ತನಕ ಹುಟ್ಟು ಗೋಡೆಗೊರಗಿಯೇ ಇತ್ತು. ಸುಡಲಿಲ್ಲ, ಹೂಳಲಿಲ್ಲ. ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಅವಳು ತೀರಿಕೊಂಡ ದಿನ ಓಣಿಯ ಹಿರಿಯರು ಬಹಳ ಹೊತ್ತು ಚರ್ಚಿಸಿ, ಕೊನೆಗೆ ಅದನ್ನು ಅವಳ ಜೊತೆಗೇ ಇಡುವುದೆಂದು ತೀರ್ಮಾನಿಸಿದರು. ಹುಟ್ಟು ಅವಳಿಗಿಂತ ಉದ್ದವಿತ್ತು. ತೋಡಿದ ಕುಣಿ ಸಾಲದೆ, ತಲೆಯ ಕಡೆ ಇನ್ನೊಂದು ಮೊಳ ಅಗೆಯಬೇಕಾಯಿತು. ಆ ಒಂದು ಮೊಳವನ್ನು ಅಗೆದವನು ನಾನು.